ಎಂಟರ ಗಂಟು

ಮೊಯ್ದುಕ್ಕನ ಲೈಟ್ ಮೀಟರು ನಾನು ಸೇರುವ ಮೊದಲೇ ಸತ್ತಿತ್ತು.
ಮುಳ್ಳು ಒಂದೇ ಮೂಲೆಗೆ ಒರಗಿ
ನಡುಹಗಲಿಗೂ ನಡುರಾತ್ರಿಗೂ ಅದೇ ಉತ್ತರ ಕೊಡುತ್ತಿತ್ತು.
ಬದಲಿಗೆ ಒಂದು ದಾರವಿತ್ತು,
ಕಾವೇರಿಗೆ ಬಲೆ ಬೀಸುವವರಿಂದ ಕೇಳಿ ತಂದದ್ದು,
ಎಂಟು ಮೀಟರು, ಐದು ಗಂಟು.
ಉಂಡೆ ಅವರ ಕೈಯಲ್ಲಿ, ತುದಿ ನನ್ನ ಕೈಯಲ್ಲಿ.

ಫ್ಲ್ಯಾಶಿನ ಬೆನ್ನ ಮೇಲೆ ಮೂವತ್ತೆರಡು ಅಂತ ಬರೆದಿತ್ತು.
"ಅದನ್ನು ದೂರದಿಂದ ಭಾಗಿಸು.
ಬಂದದ್ದಕ್ಕೆ ಲೆನ್ಸು ತಿರುಗಿಸು. ಅಷ್ಟೇ ವಿದ್ಯೆ."
ನಾನು ಒಂಬತ್ತರಲ್ಲಿ ಲೆಕ್ಕಕ್ಕೇ ನಪಾಸಾಗಿ
ಸಿದ್ಧಾಪುರದ ಆ ಸ್ಟುಡಿಯೋ ಮೆಟ್ಟಿಲು ಹತ್ತಿದವನು.
ಹಾಗಾಗಿ ಗಂಟು.
ಎರಡು ಮೀಟರಿಗೆ ಹದಿನಾರು,
ಮೂರು ತುಂಬುವ ಮುಂಚೆ ಹನ್ನೊಂದು,
ನಾಲ್ಕಕ್ಕೆ ಎಂಟು;
ಆಮೇಲಿನ ಎರಡು ಗುಂಪು ಪಟಕ್ಕೆ, ದೂರದ ನೆಂಟರಿಗೆ.

ತುದಿ ಹಿಡಿದು ನಾನು ಜನರ ತನಕ ನಡೆಯಬೇಕು.
"ಮುಖ ಮುಟ್ಟಬೇಡ, ಮುಖದ ಪಕ್ಕದ ಗಾಳಿ ಮುಟ್ಟು."
ಅವರು ದಾರ ಬಿಗಿ ಎಳೆದಾಗ
ಹೆಬ್ಬೆರಳಿಗೆ ಯಾವ ಗಂಟು ಸಿಕ್ಕಿತೋ ಅದು ಬೆಳಕು.
ಆಮೇಲೆ ನಾನು ತುದಿ ಬಿಟ್ಟು ಪಟದಿಂದ ಹೊರಗೆ.
ಹೀಗೆ ಎಷ್ಟು ಮದುಮಕ್ಕಳ ಉಸಿರಿನ ಹತ್ತಿರ ಹೋಗಿ
ಎಷ್ಟು ಆಲ್ಬಮ್ಮಿನಲ್ಲಿ ಇಲ್ಲದೆ ಉಳಿದೆನೋ.

ಉಳಿದದ್ದೆಲ್ಲ ಬೈಗುಳದ ಜೊತೆ ಕಲಿತದ್ದು.
ಅಂಗಳದಲ್ಲಿ ಬೆಳಕಿಗೆ ಗೋಡೆಯಿಲ್ಲ, ಒಂದು ಗಂಟು ಹೆಚ್ಚು ತೆರೆ.
ಕೆಂಪು ದೀಪ ಹೊತ್ತಿದ ಕೂಡಲೇ ನಂಬಬೇಡ, ಹತ್ತು ಎಣಿಸು,
ಸೆಲ್ಲು ಮುದಿಯಾಗಿದ್ದರೆ ಇಪ್ಪತ್ತು.
ಬಿಳಿ ಕುಪ್ಯ ಕೊಟ್ಟ ಬೆಳಕನ್ನು ಬಡ್ಡಿ ಸಮೇತ ತೀರಿಸುತ್ತದೆ,
ಕರಿ ಕುಪ್ಯ ಇಸಕೊಂಡು ಊರು ಬಿಡುತ್ತದೆ.
ಎರಡೂ ಒಟ್ಟಿಗೆ ನಿಂತರೆ?
"ಮದುವೆ ಯಾರದ್ದು ಅಂತ ನೋಡು, ಮಾರಾಯ."
ಶಟರು ಅರವತ್ತು ದಾಟಕೂಡದು.
ಒಮ್ಮೆ ಇನ್ನೂರೈವತ್ತಕ್ಕೆ ಜಾರಿ
ಪೊನ್ನಂಪೇಟೆಯ ಒಬ್ಬ ವರ ಇಡೀ ರೋಲಿನಲ್ಲಿ ಕತ್ತಲಾದ,
ಪಕ್ಕದಲ್ಲಿ ಹುಡುಗಿ ಒಬ್ಬಳೇ ನಗುತ್ತಿದ್ದಳು.
ದುಡ್ಡು ವಾಪಸು ಕೊಟ್ಟೆವು.
ಮೂರು ವರ್ಷದ ಮೇಲೆ ಅವಳೇ ಬಂದು
ಆ ಪಟಗಳನ್ನು ಕೇಳಿ ಒಯ್ದಳು.
ಯಾಕೆಂದು ಮೊಯ್ದುಕ್ಕ ಕೇಳಲಿಲ್ಲ.

ವಿರಾಜಪೇಟೆಯಲ್ಲಿ ಆ ರಾತ್ರಿ ಕರೆಂಟು ಹೋಯಿತು.
ಮುಕ್ಕಾಲಿಯ ಮೇಲೆ ಮದುಮಗಳು, ಒಂದು ತೂಗುದೀಪ,
ಅಕ್ಕಿ ಹಾಕಲು ನಿಂತ ಸಾಲು.
ಸಾಲಿನಲ್ಲಿ ಬೊಳ್ಳವ್ವ, ಎರಡೂ ಕಣ್ಣಿಗೆ ಪೊರೆ.
ಮೊಣಕಾಲಿಗೆ, ಹೆಗಲಿಗೆ, ತಲೆಗೆ ತಡವಿ ತಡವಿ ಅಕ್ಕಿ ಇಟ್ಟು,
ಗಿಂಡಿಯ ಹಾಲು ಕುಡಿಸಿ,
ಮೊಮ್ಮಗನ ತೋಳಿಗೆಂದು ಕೈ ಚಾಚಿದಳು.
ನಾನು ತುದಿ ಒಯ್ದದ್ದು ಅದೇ ಗಳಿಗೆ.
ಸಿಕ್ಕಿದ್ದನ್ನು ಹಿಡಿದುಕೊಂಡಳು.
ಇದೂ ಶಾಸ್ತ್ರವೇ ಅಂದುಕೊಂಡಳೋ ಏನೋ, ಬಿಡಲಿಲ್ಲ.
ಕತ್ತಲಾಚೆಯಿಂದ ಮೊಯ್ದುಕ್ಕ:
"ಬಿಡಿಸಬೇಡ. ನೀನು ಬಾ."
ಫ್ಲ್ಯಾಶು ಕೀಂ ಎಂದು ತುಂಬಿಕೊಳ್ಳುತ್ತಿತ್ತು,
ಹತ್ತು, ಹನ್ನೊಂದು,
ನಮ್ಮ ಜೊತೆ ಎಣಿಸುವ ಹಾಗೆ ಸಭೆಯೇ ಸುಮ್ಮನಾಯಿತು.

ಹೊಡೆದ ಮೇಲೆ ಬೊಳ್ಳವ್ವ ಕೇಳಿದಳು,
"ಕರೆಂಟು ಬಂತಾ?"
ಹೂಂ, ಬಂದು ಹೋಯಿತು, ಅಂದ ಮೊಮ್ಮಗ.
"ಕಂಡಿತು" ಅಂದಳು.

ಆ ಪಟದಲ್ಲಿ ದಾರವಿದೆ.
ಅವಳ ಮುಷ್ಟಿಯಲ್ಲಿ ಕೂದಲೆಳೆಯಷ್ಟು ಸಪೂರ,
ಈಚೆ ಬರುತ್ತ ಬರುತ್ತ ಹಗ್ಗ.
ಹದಿನಾರರ ಗಂಟು ಬಿಳಿಚಿದೆ, ಹನ್ನೊಂದರದ್ದು ಪೂರಾ ಸುಟ್ಟಿದೆ,
ಅವಳ ಮುಖಕ್ಕೆ ಮಾತ್ರ ಬೇಕಾದಷ್ಟೇ.
ಎಂಟರ ಗಂಟು ಪಟದಲ್ಲಿಲ್ಲ,
ಅದು ಲೆನ್ಸಿನ ಕೆಳಗೆ, ಹೆಬ್ಬೆರಳಿನಡಿ.
ಅಂಚಿನಲ್ಲಿ ಒಂದು ಮೊಣಕೈ. ನನ್ನದು.

ದಾರ ಈಗ ನನ್ನ ಬಳಿ.
ನಾಲ್ಕು ಗಂಟು ಇನ್ನೂ ದಾರದ ಬಣ್ಣವೇ.
ಎಂಟರದ್ದು ಬೆವರು ಕುಡಿದು ಕಾಳುಮೆಣಸಿನ ಹಾಗೆ
ಕಪ್ಪಗೆ, ಗಟ್ಟಿ.
ಜನ ಹೆಚ್ಚಾಗಿ ನಾಲ್ಕು ಮೀಟರಿನಾಚೆಯೇ ನಿಂತರು,
ಅಥವಾ ಮೊಯ್ದುಕ್ಕನೇ
ಅದಕ್ಕಿಂತ ಹತ್ತಿರ ಹೋಗಲಿಲ್ಲ.